ಒಂದು ಕಿಸೆಯ ಅಂಗಿ

ಹರೆಯದಲ್ಲೇ ಹೆಂಗಸರಂತೆ ಉಬ್ಬಿದ ಎದೆಯನ್ನು ಮರೆಮಾಚಲು ಸಂಶಿಯ ಟೇಲರ್ ಫಕ್ಕೀರೇಶ ಹದಿನಾಲ್ಕು ವರ್ಷ ತನ್ನ ಅಂಗಿಗಳಿಗೆಲ್ಲ ಎರಡೆರಡು ದೊಡ್ಡ ಕಿಸೆ ಹಚ್ಚಿಕೊಂಡವ. ಕೊನೆಗೊಮ್ಮೆ ಗಟ್ಟಿ ಮನಸ್ಸು ಮಾಡಿ ಹುಬ್ಬಳ್ಳಿಯ ಡಾಕ್ಟರ ಮುಂದೆ ಹೋಗಿ ಕೂತ.

"ಆಪರೇಶನ್ನಿಗೆ ಎಲ್ಲಾ ಕೂಡಿ ಎಪ್ಪತ್ತು ಸಾವಿರ," ಅಂದರು ಡಾಕ್ಟರು.

"ಎಲ್ಲಾ ಅಂದ್ರ ಏನೇನ್ರಿ? ನಾನೂ ಗಿರಾಕಿಗೆ ಹೊಲಿಗಿ ಬ್ಯಾರೆ, ಅಸ್ತರ ಬ್ಯಾರೆ ಬಿಡಿಸಿ ಹೇಳ್ತೀನಿ."

ಡಾಕ್ಟರು ನಕ್ಕು ಬಿಡಿಸಿ ಬರೆದರು. ಆಪರೇಶನ್ನು, ಅರಿವಳಿಕೆ, ಖೋಲಿ, ಔಷಧ. ಆಮೇಲೆ ಗಾಯ ಮಾಯುವತನಕ ತೊಡುವ ಬಿಗಿ ಬನಿಯನ್ನಿಗೆ ನಾಲ್ಕು ಸಾವಿರ.

"ಬನಿಯನ್ ತಗದಹಾಕ್ರಿ. ಬಿಗಿ ಎಷ್ಟಿರಬೇಕು ಹೇಳ್ರಿ, ನಾನ ಹೊಲ್ಕೋತೀನಿ."

ಆಪರೇಶನ್ ಆಗಿ ತಿಂಗಳ ಮೇಲೆ ತೋರಿಸಲು ಹೋದಾಗ ಡಾಕ್ಟರು ಆ ಬನಿಯನ್ನನ್ನೇ ಎಳೆದೆಳೆದು ನೋಡಿದರು. "ಇಂಥಾವು ಇಪ್ಪತ್ತು ಹೊಲ್ದು ಕೊಡ್ರಿ. ಎಷ್ಟಾಗ್ತದ?"

ಫಕ್ಕೀರೇಶ ನೆಟ್ಟಗೆ ಕೂತು, ಹೊಸ ಅಂಗಿಯ ಒಂದೇ ಕಿಸೆಯಿಂದ ಪೆನ್ನು ತೆಗೆದ.

"ಬಿಡಿಸಿ ಬರದ ಕೊಡ್ತೀನ್ರಿ."