ಗಟ್ಟಿಯಾದ ಕೈ

ಫಿನಾಯಿಲು ವಾಸನೆ, ಬೆಂಚಿನ ಕೆಳಗೆ ಈಗ ತಾನೇ ಒರೆಸಿದ ನೆಲ ಇನ್ನೂ ಹಸಿ, ಗೋಡೆಯ ಕ್ಯಾಲೆಂಡರಿನಲ್ಲಿ ೧೯೬೨ ಅಂತಿದೆ, ಓದಬಲ್ಲೆ, ಅದೊಂದು ಧೈರ್ಯ, ಬಲಗೈಯನ್ನು ಸೆರಗಿನೊಳಗೆ ಸುತ್ತಿ ಕೂತಿದ್ದೀನಿ, ಶಿಡ್ಲಘಟ್ಟದವರು ಯಾರೂ ನೋಡಬಾರದು ಅಂತಲೇ ಬಸ್ಸು ಹತ್ತಿ ಚಿಂತಾಮಣಿಗೆ ಬಂದದ್ದು — ಒಳಗೆ ಡಾಕ್ಟರು ಸೂಜಿ ಚುಚ್ಚಿ ನೋಡ್ತಾರಂತೆ, ನೋವಾದರೆ ಬದುಕಿದೆ, ಆಗದಿದ್ದರೆ ದೊಡ್ಡರೋಗ, ಕುಷ್ಠ, ಬಾಯಲ್ಲಿ ಅನ್ನಬಾರದು, ಅಂದಾಯ್ತು, ಆಮೇಲೆ ಮಗಳು ಶ್ಯಾಮಲ ತನ್ನ ಮೂರು ತಿಂಗಳ ಕೂಸನ್ನು ನನ್ನ ಮಡಿಲಿಗೆ ಕೊಡ್ತಾಳಾ, ಯಾರು ಕೊಡ್ತಾರೆ. ಇಪ್ಪತ್ತು ವರ್ಷ ಉಸ್ಮಾನ್ ಸಾಬರ ಮನೆಯಲ್ಲಿ ಚರಕದ ಮುಂದೆ ಕೂತು, ಕುದಿಯೋ ನೀರಲ್ಲಿ ರೇಷ್ಮೆಗೂಡು ಆಡಿಸಿ ಎಳೆ ಹುಡುಕಿದ ಕೈ ಇದು, ಮೊದಲ ವರ್ಷ ಬೊಬ್ಬೆ ಎದ್ದು ಅತ್ತಾಗ ಅಮ್ಮ ಓರ್ಚುಕೋ ಅಂದಳು, ನಮ್ಮ ಮನೆಯ ತೆಲುಗಿನಲ್ಲಿ ತಾಳಿಕೋ ಅಂತ, ತಾಳಿಕೊಂಡೆ, ಬರ್ತಾ ಬರ್ತಾ ಸುಡೋದೇ ನಿಂತಿತು, ಪಕ್ಕದ ಚರಕದ ಅಜೀಜಾ ನಗೋಳು, ಅಕ್ಕಾ, ನಿಮ್ಮದು ಕೈಯಾ ಸೌಟಾ, ಒಂದು ದಿನಕ್ಕೆ ಕೊಡಿ, ನಮ್ಮನೆ ಸಾರು ತಿರುವ್ಕೋತೀನಿ, ನಾನೂ ಜಂಬಪಟ್ಟೆ, ಕಸುಬು ಕೈಗೆ ಹತ್ತಿದೆ ಅಂದುಕೊಂಡೆ. ರಾತ್ರಿ ಶಾಲೆಯಲ್ಲಿ ವೆಂಕಟರವಣಪ್ಪ ಮೇಷ್ಟ್ರು ದಿನಕ್ಕೊಂದು ಇಂಗ್ಲಿಷ್ ಪದ ಬರೀತಿದ್ದರು, ಅವತ್ತು ಎಂಡ್ಯೂರ್, ತಾಳಿಕೊಳ್ಳೋದು, ಬಾಳಿಕೆ ಬರೋದು, ಇದರ ತವರು ಯಾವುದು ಸಾರ್ ಅಂದೆ, ಲ್ಯಾಟಿನ್ ಅಂತ ಒಂದು ಹಳೇ ಭಾಷೆ ಕಣಮ್ಮ, ಅದರಲ್ಲಿ ದೂರುಸ್ ಅಂದರೆ ಗಟ್ಟಿ, ಗಟ್ಟಿ ಮಾಡು ಅನ್ನೋ ಮಾತೇ ಫ್ರಾನ್ಸಿನ ಕಡೆಯಿಂದ ಇಂಗ್ಲಿಷಿಗೆ ಬಂದು ತಾಳಿಕೋ ಅಂತಾಯ್ತು, ನಮ್ಮ ಲಕ್ಷ್ಮಿದೇವಮ್ಮನ ಕೈ ಇದ್ದಹಾಗೆ ಅಂತ ನನ್ನ ಕಡೆ ತೋರಿಸಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಸ್ಲೇಟಿನಲ್ಲಿ ಹತ್ತು ಸಲ ಬರೆದೆ — ಗಟ್ಟಿಯಾದದ್ದಕ್ಕೆ ಏನೂ ತಿಳಿಯಲ್ಲ ಅನ್ನೋದನ್ನ ಮೇಷ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರ ನೀರು ಹಾಕೋಕೆ ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡೆ, ಬೋಸಿಯ ನೀರಿಗೆ ಕೈ ಅದ್ದಿದೆ, ಹದವಾಗಿದೆ ಅನ್ನಿಸಿತು, ಒಂದು ಚೊಂಬು ಹುಯ್ದೆ, ನನ್ನ ಕಾಲು ಚುರ್ ಅಂತು, ಕೂಸು ಕಿರುಚಿತು, ಕೈ ಸುಮ್ಮನಿತ್ತು, ಅಯ್ಯೋ ಕೈ ಸುಮ್ಮನೇ ಇತ್ತು, ಅಮ್ಮಾ ನಿನ್ನ ಕೈಗೇನು ದೆವ್ವ ಹಿಡಿದಿದೆಯಾ ಅಂತ ಶ್ಯಾಮಲ ಮಗೂನ ಕಿತ್ಕೊಂಡಳು, ಎಳೇ ಬೆನ್ನೆಲ್ಲ ಕೆಂಪು, ಮಣಿಕಟ್ಟಿನ ಬಿಳುಚಿದ ಮಚ್ಚೆ ನನ್ನ ಕಣ್ಣಿಗೆ ಬಿದ್ದಿದ್ದೂ ಅವತ್ತೇ, ಎಷ್ಟು ದಿನದಿಂದ ಇತ್ತೋ.

ಲಕ್ಷ್ಮಿದೇವಮ್ಮ ಯಾರು, ಒಳಗೆ ಬಾಮ್ಮ — ಎದ್ದೆ, ಸ್ಟೂಲು ತಣ್ಣಗಿದೆ, ಕಣ್ಣು ಮುಚ್ಕೋಮ್ಮ, ಚುಚ್ಚಿದಾಗ ಹೂಂ ಅನ್ನು, ಎಡಗೈ, ಹೂಂ, ಬಲ ಮೊಣಕೈ, ಹೂಂ, ನೋಯ್ತು, ಎಷ್ಟು ಚೆನ್ನಾಗಿ ನೋಯ್ತು, ಇನ್ನು ಸೂಜಿ ಕೆಳಗೆ ಬರುತ್ತೆ, ತಿಳಿಯದಿದ್ದರೂ ಅಂದುಬಿಡಣ, ಯಾರಿಗೆ ಗೊತ್ತಾಗುತ್ತೆ, ಹೂಂ ಅಂದೆ, ಇನ್ನೂ ಚುಚ್ಚೇ ಇಲ್ಲವಲ್ಲಮ್ಮ, ಡಾಕ್ಟರ ದನಿಯಲ್ಲಿ ಸಿಟ್ಟಿಲ್ಲ, ಈಗ ಚುಚ್ಚುತ್ತಾರೆ, ಈಗ, ನೋಯಲಿ ದೇವರೇ, ಕೂಸಿನ ಹಾಗೆ ಕಿರುಚೋಷ್ಟು ನೋಯಲಿ, ನರ್ಸಮ್ಮ ಉಸಿರು ಎಳೆದುಕೊಂಡ ಸದ್ದು, ಇನ್ನೂ ಚುಚ್ಚಿಲ್ಲವಾ ಸ್ವಾಮಿ, ಕಣ್ಣು ಬಿಟ್ಟೆ — ಸೂಜಿ, ಮಣಿಕಟ್ಟಿನಲ್ಲಿ ನೆಟ್ಟಗೆ ನಿಂತಿದೆ, ಡಾಕ್ಟರು ಕೈ ತೆಗೆದಾಗಿದೆ, ಸೂಜಿ ಮಾತ್ರ, ನಿಂತಿದೆ, ಸೂಜಿ