ಮಗ್ಗದ ಶೆಡ್ಡಿನಲ್ಲಿ ಕೂಗಿದ ಮಾತು

ಸಾಕ್ಷಿಗಳ ಹೇಳಿಕೆ ಓದಿ ಮುಗಿಸುವಷ್ಟರಲ್ಲಿ ವಿಚಾರಣಾಧಿಕಾರಿಗೆ ಪಿತ್ತ ನೆತ್ತಿಗೇರಿತ್ತು. ಮಗ್ಗದ ಬೆಲ್ಟಿಗೆ ಸಿಕ್ಕಿ ನೇಕಾರ್ತಿಯೊಬ್ಬಳ ಬೆರಳುಗಳು ಹೋಗಿದ್ದವು. ತಪ್ಪು ಅವಳದೇ ಎಂದಾದರೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಹೇಳಿಕೆಗಳು ಅದನ್ನೇ ಹೇಳುತ್ತಿದ್ದವು, ಅದೂ ಎಷ್ಟು ನಯವಾಗಿ!

ಸಾಕ್ಷಿಗಳನ್ನು ಅಧಿಕಾರಿ ಬೆಳಿಗ್ಗೆಯಷ್ಟೇ ಮಾತಾಡಿಸಿದ್ದಳು. ಒಬ್ಬಳು ಬಾಯಿ ತೆರೆದರೆ ಬೈಗುಳ. ಇನ್ನೊಬ್ಬಳು ಅಪಘಾತದ ಬಗ್ಗೆ ಕೇಳಿದರೆ ನಾದಿನಿಯ ಮದುವೆಗೆ ಹೋಗಿ ಮುಟ್ಟಿದ್ದಳು. ಮೂರನೆಯವನಾದ ಹಿರಿಯ ನೇಕಾರನಂತೂ 'ಹೂಂ', 'ಉಹೂಂ' ಬಿಟ್ಟು ಬೇರೆ ಮುತ್ತು ಉದುರಿಸಿರಲಿಲ್ಲ. ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿದ್ದರೆ ಇನ್ನೇನು ಮಾಡಿಯಾರು? ಕಾಗದದಲ್ಲಿ ಮಾತ್ರ ಮೂವರಿಗೂ ಒಂದೇ ನಾಲಿಗೆ ಮೂಡಿತ್ತು. ಅಳೆದು ಕತ್ತರಿಸಿದಂಥ ವಾಕ್ಯಗಳು, ಕೊನೆಗೊಂದು ನೀತಿಪಾಠ: "ಇದು ಕೇವಲ ಅಪಘಾತವಲ್ಲ, ನಮ್ಮೆಲ್ಲರಿಗೂ ಎಚ್ಚರಿಕೆಯ ಗಂಟೆ." ಬೈಗುಳದವಳು ಇದನ್ನು ಬರೆದಳಂತೆ!

"ಇದನ್ನ ಬರೆದೋರು ಯಾರ್ರೀ?"

"ಅವರೇ ಮೇಡಂ," ಸೂಪರ್‌ವೈಸರ್ ಹಲ್ಲು ಕಿರಿದ. "ಕಂಪ್ಯೂಟರಿಗೆ ಹೇಳಿ ಭಾಷೆ ಸ್ವಲ್ಪ ನೀಟ್ ಮಾಡಿಸ್ದೆ, ಅಷ್ಟೇ."

ಭಾಷೆ ನೀಟಾಗಿದೆ ಎಂದು ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಲಾಗದು. ಆದರೆ ಇದನ್ನು ಹೀಗೇ ಬಿಡುವ ಹೆಣ್ಣಲ್ಲ ಅವಳು. ಮತ್ತೆ ಮೊದಲಿನಿಂದ ಓದಿದಳು. ಮೂರರಲ್ಲೂ ಒಂದು ಮಾತಿತ್ತು: "ಕೈ ತೆಗೆಯುವಂತೆ ಸೂಪರ್‌ವೈಸರ್ ಜೋರಾಗಿ ಕೂಗಿದರು, ಆಕೆ ಕೇಳಿಸಿಕೊಂಡೂ ನಿರ್ಲಕ್ಷಿಸಿದಳು."

ಅಧಿಕಾರಿಯ ಅಮ್ಮ ಮಗ್ಗದ ಶೆಡ್ಡಿನಲ್ಲೇ ಮುದುಕಿಯಾದವಳು. ಊಟಕ್ಕೆ ಕರೆಯುವುದೂ ಕೈಸನ್ನೆಯಲ್ಲೇ, ಗದರುವುದೂ ಹುಬ್ಬಿನಲ್ಲೇ. ಆ ಸದ್ದಿನೊಳಗೆ ಕೂಗುವವರುಂಟೇ? ಕೂಗಿದರೆ ಕೇಳುವವರುಂಟೇ? ಇದು ಮಗ್ಗದ ಹತ್ತಿರ ಒಂದು ದಿನವೂ ನಿಲ್ಲದ ಕಂಪ್ಯೂಟರ್ ಕಟ್ಟಿದ ಕಥೆ.

"ನಡೀರಿ ಶೆಡ್ಡಿಗೆ," ಎಂದಳು. "ಗಾಯ ಆದವರನ್ನೂ ಕರೀರಿ."

ಒಳಗೆ ಮಗ್ಗಗಳು ಕಿವಿ ಗಡಚಿಕ್ಕುವಂತೆ ಬಡಿಯುತ್ತಿದ್ದವು. ಬೆಲ್ಟಿನ ಮೇಲೆ ಕೈ ಸಿಕ್ಕದಂತೆ ಕಾಯುವ ಹೊಚ್ಚ ಹೊಸ ಜಾಲರಿ ಹೊಳೆಯುತ್ತಿತ್ತು. ಹೊರಗೇ ಎಲ್ಲರಿಗೂ ವಿವರಿಸಿದ್ದಂತೆ, ಗಾಯಗೊಂಡವಳು ಸೂಪರ್‌ವೈಸರಿಗೆ ಬೆನ್ನು ಹಾಕಿ ತನ್ನ ಮಗ್ಗದೆದುರು ನಿಂತಳು. ಸಾಕ್ಷಿಗಳು ಅವರವರ ಜಾಗದಲ್ಲಿ ನಿಂತರು. ಅಂದು ಕೂಗಿದಂತೆಯೇ ಕೂಗಲು ಅಧಿಕಾರಿ ಕೈ ಬೀಸಿದಳು.

ಅವನ ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಮತ್ತೂ ಮತ್ತೂ ಬಾಯಿ ತೆರೆದ. ಯಾರೂ ತಿರುಗಲಿಲ್ಲ. ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡಿದ್ದ ನೇಕಾರ್ತಿ ಕೊನೆಗೆ ಅಧಿಕಾರಿಯತ್ತ ನೋಡಿ, ಇನ್ನೊಂದು ಕೈಯಲ್ಲಿ ಸನ್ನೆ ಮಾಡಿ ಕೇಳಿದಳು: ಯಾವಾಗ ಕೂಗ್ತಾರೆ?

ಅಧಿಕಾರಿ ಎಲ್ಲರಿಗೂ ಹೊರಡುವಂತೆ ಕೈ ಮಾಡಿದಳು. ಹೊರಗೆ ಬಂದವಳೇ ಸೂಪರ್‌ವೈಸರನ್ನು ಆಚೆ ಕಳಿಸಿ, ಸಾಕ್ಷಿಗಳನ್ನು ಒಳಗೆ ಕೂರಿಸಿ ಕೋಣೆಯ ಬಾಗಿಲು ಹಾಕಿದಳು. ಹಳೆಯ ಹೇಳಿಕೆಗಳನ್ನು ಬದಿಗಿಟ್ಟು ಖಾಲಿ ಹಾಳೆ ಎಳೆದುಕೊಂಡಳು.

"ಈಗ ನಿಮ್ಮ ಬಾಯಲ್ಲೇ ಹೇಳಿ. ನಾನೇ ಬರ್ಕೋತೀನಿ."

ಬೈಗುಳದವಳು ಹಿರಿಯನ ಮುಖ ನೋಡಿದಳು. ಆತ "ಹೂಂ" ಎಂದ.

"ಅವತ್ತು ಜಾಲರಿ ಇರ್ಲೇ ಇಲ್ಲ ಮೇಡಂ. ಕೆಲಸ ಬೇಗ ಆಗ್ಲಿ ಅಂತ ಬಿಚ್ಚಿಸಿದ್ದೇ ಆ ಕಳ್ಳ ನನ್ಮಗ!"

ಅಧಿಕಾರಿ ಅದನ್ನು ಬರೆದುಕೊಂಡಳು, ಬೈಗುಳವನ್ನೂ ಬಿಡದೆ.