ಸೀಟಿ ಊದಿದ ಮೇಲೆ

ಮಧುಶ್ರೀಯ ಮೊಣಕಾಲಿನ ಲಿಗಮೆಂಟ್ ಹರಿದದ್ದು ಆಟ ನಡೆಯುವಾಗ ಅಲ್ಲ, ಆಟ ನಿಂತ ಮೇಲೆ.

ಶಿಗ್ಗಾಂವಿಯಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್. ಸವಣೂರು ತಂಡದ ಪರವಾಗಿ ರೇಡಿಗೆ ಹೋಗಿದ್ದ ಅವಳು ಇಬ್ಬರನ್ನು ಮುಟ್ಟಿ, ಮುಂದಕ್ಕೆ ಹಾರಿ ಬಿದ್ದು, ನಡುಗೆರೆಯ ಆಚೆ ಬೆರಳು ಊರಿದ್ದಳು. ಅಂಪೈರು ಸೀಟಿ ಊದಿಯೂ ಆಗಿತ್ತು. ಆದರೆ ಅವಳ ಪಾದ ಹಿಡಿದಿದ್ದ ಶಿಗ್ಗಾಂವಿ ತಂಡದ ಅಂಕಿತಾ ಕೈ ಸಡಿಲಿಸಲಿಲ್ಲ. ಹಿಡಿದ ಕಾಲನ್ನು ಪಕ್ಕಕ್ಕೆ ತಿರುವಿ, ಅದರ ಮೇಲೆ ಮೈಯೆಲ್ಲ ಒಗೆದಳು. ಒಳಗೆ ಏನೋ ಕಿತ್ತುಹೋದ ಸದ್ದು ಮಧುಶ್ರೀಗೆ ಕಿವಿಯಿಂದಲ್ಲ, ಎಲುಬಿನಿಂದ ಕೇಳಿಸಿತು. ಕಣ್ಣು ಕತ್ತಲೆಗಟ್ಟುವ ಮೊದಲು ಅವಳು ಕಂಡದ್ದು ಒಂದೇ. ಅಂಕಿತಾ ಅಂಗೈಯ ಮಣ್ಣು ಝಾಡಿಸಿಕೊಳ್ಳುತ್ತ ಪಕ್ಕದವಳ ಜೊತೆ ನಗುತ್ತಿದ್ದಳು.

ಪಂದ್ಯಾವಳಿ ನಡೆಸಿದವರು ಅಂಕಿತಾಳ ಅಜ್ಜ, ಹಿರೇಬೆಂಡಿಗೇರಿಯ ಪರಮೇಶ್ವರಪ್ಪನವರು. ಮೈದಾನ ಅವರ ಹೊಲ, ಕಮಿಟಿ ಅವರ ಮನುಷ್ಯರು. ಓಡಿಬಂದ ಮಧುಶ್ರೀಯ ತಾಯಿ ಅಡಿವೆವ್ವನಿಗೆ ಅವರು ಕುರ್ಚಿಯಿಂದ ಏಳದೇ ಹೇಳಿದರು: "ಹುಡುಗಿ ಕಾಲ ಜಾರಿ ಬಿದ್ದಾಳ. ಆಟ ಅಂದ ಮ್ಯಾಲ ಇವೆಲ್ಲಾ ಇರೂವ. ಕರಕೊಂಡ ಹೋಗವ್ವಾ."

ಕಮಿಟಿಯ ಕಾಗದದಲ್ಲೂ ಅದೇ ಬರೆದರು: ಆಟಗಾರ್ತಿ ಕಾಲು ಜಾರಿ ಬಿದ್ದಿರುತ್ತಾಳೆ. ಆ ವರ್ಷ ಜಿಲ್ಲಾ ತಂಡಕ್ಕೆ ಅಂಕಿತಾ ಆಯ್ಕೆಯಾದಳು. ಮಧುಶ್ರೀ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಸಿಕೊಂಡು, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹತ್ತಿಮತ್ತೂರಿಗೆ ಮರಳಿದಳು.

ಯಾರೋ ಆ ರೇಡನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಹನ್ನೊಂದು ಸೆಕೆಂಡಿನ ವಿಡಿಯೋ. ಅದನ್ನು ಅವಳು ದಿನಾ ಬೆಳಿಗ್ಗೆ ನೋಡುತ್ತಿದ್ದಳು. ನೋಡಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ಕಾಲನ್ನು ಒತ್ತಿ ಒತ್ತಿ ಬಿಡುವ ವ್ಯಾಯಾಮ ಮಾಡುತ್ತಿದ್ದಳು. ಡಾಕ್ಟರು ಹತ್ತು ಸಲ ಎಂದಿದ್ದರೆ ಮೂವತ್ತು ಸಲ. ತೊಡೆ ಸೊರಗಿ ಇನ್ನೊಂದರ ಅರ್ಧಕ್ಕೆ ಬಂದಿತ್ತು. ಕಕ್ಕಸಿಗೆ ಹೋಗಲೂ ಅವ್ವನ ಹೆಗಲು ಬೇಕಿತ್ತು. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಅಡಿವೆವ್ವ, ಕೆಲಸಕ್ಕೆ ಹೊರಡುವ ಮೊದಲು ಮಗಳ ಕೈಯಲ್ಲಿನ ಮೊಬೈಲನ್ನು ದಿನಾ ಕಾಣುತ್ತಿದ್ದಳು.

"ಅದನ್ನ ಯಾಕ ನೋಡ್ತೀಯವ್ವಾ? ನೋಡಿದಷ್ಟ ಸಂಕಟ."

"ಸಂಕಟ ಇಲ್ಲಂದ್ರ ಕಾಲ ಎತ್ತಾಕ ಆಗೂದಿಲ್ಲಬೇ."

ಅದು ನಿಜವೇ ಆಗಿತ್ತು. ಮೊದಮೊದಲು ಅವಳನ್ನು ನಡೆಸಿದ್ದು ಆಸೆಯಲ್ಲ, ಛಲವೂ ಅಲ್ಲ. ಅಂಕಿತಾಳ ಮೊಣಕಾಲು ಹಾಗೇ ಮುರಿಯಬೇಕು, ತನ್ನ ಕೈಯಿಂದಲೇ ಮುರಿಯಬೇಕು ಎಂಬ ಒಂದೇ ಒಂದು ಬಯಕೆ. ಊರುಗೋಲು ಬಿಟ್ಟ ದಿನವೂ, ಹುಣಸೆ ಮರದವರೆಗೆ ನಿಲ್ಲದೇ ನಡೆದ ದಿನವೂ ಅವಳು ಸಂತೋಷಪಡಲಿಲ್ಲ. ಇನ್ನೂ ಎಷ್ಟು ದೂರ ಇದೆ ಎಂದಷ್ಟೇ ಲೆಕ್ಕ ಹಾಕಿದಳು.

ಆರನೇ ತಿಂಗಳಿಗೆ ಸವಣೂರಿನ ಮೈದಾನಕ್ಕೆ ಹೋದಳು. ತರಬೇತಿ ಕೊಡುವ ಶಹಾಬುದ್ದೀನ ಸರ್ ಶಾಲೆಯ ಪೀಟಿ ಮಾಸ್ತರಿಕೆಯಿಂದ ನಿವೃತ್ತರಾದವರು. ಅವಳನ್ನು ನಿಧಾನವಾಗಿ ಓಡಿಸಿದರು, ಕೂರಿಸಿ ಏಳಿಸಿದರು, ಕೊನೆಗೆ ಓಡುತ್ತಲೇ ತಟ್ಟನೆ ತಿರುಗು ಎಂದರು. ತಿರುಗುವಾಗ ಕಾಲು ನಡುಗಿ ಕುಸಿದಳು.

"ರೇಡ್ ಸಾಕು," ಎಂದರು ಅವರು. "ನಿನ್ನ ಕಾಲಿಗೆ ಈಗ ಹಂಗ ಹೊರಳಾಕ ಆಗೂದಿಲ್ಲ. ಕಾರ್ನರ್‌ನ್ಯಾಗ ನಿಲ್ಲು. ಹಿಡಿಯೂದು ಕಲಿ."

"ಏನ ಹಿಡೀಲ್ರಿ?"

"ಕಾಲು."

ಮಧುಶ್ರೀ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ಆ ನಗು ಶಹಾಬುದ್ದೀನ ಸರ್‌ಗೆ ಹಿಡಿಸಲಿಲ್ಲ. ಆದರೂ ಕಲಿಸಿದರು. ರೇಡರಿನ ಕಣ್ಣನ್ನಲ್ಲ, ಸೊಂಟವನ್ನು ನೋಡಬೇಕು. ಕಾಲು ಮೇಲೆದ್ದಾಗ ಅಲ್ಲ, ನೆಲಕ್ಕೆ ಊರುವ ಗಳಿಗೆಯಲ್ಲಿ ಬೀಳಬೇಕು. ಹಿಡಿದರೆ ಎರಡೂ ಕೈ. ವರ್ಷವಿಡೀ ಅವಳು ಅಂಗಿ ತುಂಬ ಮಣ್ಣು ಹೊತ್ತು ಸಂಜೆಯ ಬಸ್ಸಿಗೆ ಮರಳಿದಳು. ಈಗ ಮೊಬೈಲಿನಲ್ಲಿ ಅಂಕಿತಾಳ ಬೇರೆ ಪಂದ್ಯಗಳನ್ನೂ ಹುಡುಕಿ ನೋಡುತ್ತಿದ್ದಳು. ಅಂಕಿತಾ ರೇಡಿಗೂ ಹೋಗುತ್ತಿದ್ದಳು, ಮಧುಶ್ರೀ ನಿಲ್ಲುವ ಎಡಮೂಲೆಗೇ ಹೆಚ್ಚು. ಒದೆಯುವ ಮುನ್ನ ಅವಳ ಬಲಭುಜ ಚೂರು ಕೆಳಗಿಳಿಯುತ್ತಿತ್ತು. ಅದನ್ನು ಮಧುಶ್ರೀ ಬಿಟ್ಟು ಮತ್ತಾರೂ ಕಂಡಿರಲಿಕ್ಕಿಲ್ಲ.

ಮುಂದಿನ ವರ್ಷದ ಜಿಲ್ಲಾ ಪಂದ್ಯಾವಳಿ ಹಿರೇಕೆರೂರಿನಲ್ಲಿ, ಕಾಲೇಜು ಮೈದಾನದಲ್ಲಿ ಮ್ಯಾಟ್ ಹಾಸಿ. ಸೆಮಿಫೈನಲ್‌ನಲ್ಲಿ ಹಾನಗಲ್ಲನ್ನು ಸೋಲಿಸಿದ ಸವಣೂರಿಗೆ ಫೈನಲ್‌ನಲ್ಲಿ ಶಿಗ್ಗಾಂವಿ ಎದುರಾಯಿತು. ಬೇಕಾದದ್ದು ಅದೇ.

ಅಂಕಿತಾ ಮೊದಲ ರೇಡಿಗೆ ಬಂದಳು. ಅವಳ ಬಿಳಿ ಬೂಟು ಕಂಡದ್ದೇ ಮಧುಶ್ರೀಯ ಕಣ್ಣು ಅದರಲ್ಲೇ ನೆಟ್ಟಿತು. ಭುಜ ಇಳಿದದ್ದೂ ಕಾಣಲಿಲ್ಲ, ಕಾಲು ಬಂದದ್ದೂ ಕಾಣಲಿಲ್ಲ. ಎದೆಗೆ ಒದೆ ತಗುಲಿಸಿ ಅಂಕಿತಾ ಮರಳಿ ಹೋದಳು. ಔಟಾಗಿ ಹೊರಗೆ ಕುಳಿತ ಮಧುಶ್ರೀಗೆ ನಾಚಿಕೆಯಿಂದ ಅಳು ಬಂತು. ಒಂದೂವರೆ ವರ್ಷ ಇದಕ್ಕಾಗಿಯೇ ಮೈ ಮುರಿದದ್ದು, ಈಗ ಹೆದರಿ ನಿಂತೆನಲ್ಲ!

ಶಹಾಬುದ್ದೀನ ಸರ್ ಹತ್ತಿರ ಬಂದು, "ಆಕಿನ್ನ ನೋಡಬ್ಯಾಡ. ಸೊಂಟ ನೋಡು," ಎಂದಷ್ಟೇ ಹೇಳಿದರು.

ಮತ್ತೆ ಒಳಗೆ ಬಂದಾಗ ಸೊಂಟವನ್ನೇ ನೋಡಿದಳು. ಬಲಭುಜ ಇಳಿಯಿತು, ಕಾಲು ಚಾಚಿ ಬಂತು, ನೆಲಕ್ಕೆ ಊರಿತು. ಮಧುಶ್ರೀ ಬಿದ್ದಳು. ಎರಡೂ ಕೈಯಲ್ಲಿ ಆ ಕಾಲು ಸಿಕ್ಕಿತು. ಅಂಕಿತಾ ದೊಪ್ಪನೆ ಮಕಾಡೆ ಉರುಳಿದಳು. ಅಂಪೈರು ಸೀಟಿ ಊದಿದ.

ಮಧುಶ್ರೀ ಬಿಡಲಿಲ್ಲ.

ಮೊಣಕಾಲು ಅವಳ ಎದೆಯ ಕೆಳಗೇ ಇತ್ತು. ಪಾದ ಅವಳ ಮುಷ್ಟಿಯಲ್ಲಿತ್ತು. ಒಂದು ಸಲ ಹೊರಳಿದರೆ ಆಯಿತು. ಅವಳು ಚೂರು ತಿರುವಿದಳು ಕೂಡ. ಅಂಕಿತಾಳ ಉಸಿರು ಹಿಡಿದುಕೊಂಡದ್ದು, ಮೈಯೆಲ್ಲ ಬಿಗಿದದ್ದು ಅವಳ ಕೈಗೆ ಗೊತ್ತಾಯಿತು. ಈ ಭಯವನ್ನು ಅವಳು ಬಲ್ಲಳು. ಅದನ್ನು ಇನ್ನೊಬ್ಬಳ ಮೈಯಲ್ಲಿ ಮುಟ್ಟಿ ನೋಡಿದಾಗ ಅವಳಿಗೆ ಹಾಯೆನಿಸಿತು. ಸುಳ್ಳು ಹೇಳುವುದೇಕೆ, ಬಹಳ ಹಾಯೆನಿಸಿತು.

"ಬಿಡ! ಬಿಡಲೇ!" ಅಂಕಿತಾ ಚೀರಿದಳು.

ಬಿಟ್ಟಳು. ಅಂಪೈರು ಓಡಿಬಂದು ಎಚ್ಚರಿಕೆಯ ಹಸಿರು ಕಾರ್ಡು ತೋರಿಸಿದ. ಅಂಕಿತಾ ಎದ್ದು ಕಾಲು ಝಾಡಿಸಿ ಕೂಗಿದಳು: "ಹುಚ್ಚ ಹಿಡದೈತೇನ ನಿನಗ? ನಾ ನಿನಗ ಏನ ಮಾಡೇನಿ?"

ಮಧುಶ್ರೀ ಅವಳ ಮುಖ ನೋಡಿದಳು. ನಾಟಕವಲ್ಲ. ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ಈ ಹುಡುಗಿಯನ್ನು ದಿನಾ ಕಣ್ಣೆದುರು ಇಟ್ಟುಕೊಂಡೇ ತಾನು ನಡೆದಿದ್ದಳು, ಓಡಿದ್ದಳು, ಉಂಡಿದ್ದಳು. ಅವಳಾದರೋ ತನ್ನನ್ನು ಅವತ್ತೇ ಮರೆತಿದ್ದಳು. ಮೊಣಕಾಲಿನ ನೋವಿಗಿಂತ ಇದು ಹೆಚ್ಚು ಉರಿಯಿತು. ಹಾಗಾದರೆ ಮುರಿದು ಪ್ರಯೋಜನವಿಲ್ಲ. ಮುರಿದರೆ ಒಂದು ದಿನದ ಮಾತು. ಇವಳು ಮರೆಯಲೇಬಾರದು.

ಮುಂದಿನ ರೇಡಿನಲ್ಲಿ ಮತ್ತೆ ಹಿಡಿದಳು. ಸೀಟಿಗೆ ಕೈ ಬಿಟ್ಟಳು. ಅದರ ಮುಂದಿನದರಲ್ಲೂ ಹಿಡಿದಳು. ಅಂಕಿತಾ ಬಲಮೂಲೆಗೆ ಸರಿದರೆ ಸರ್ ಅವರನ್ನು ಕಣ್ಣಿನಲ್ಲೇ ಕೇಳಿ ಮಧುಶ್ರೀಯೂ ಬಲಮೂಲೆಗೆ ಹೋಗಿ ನಿಂತಳು. ನಾಲ್ಕನೇ ಸಲ ಹಿಡಿದಾಗ ಜನ ಎದ್ದು ಕೂಗುತ್ತಿದ್ದರು. ಮುಂದಿನ ಕುರ್ಚಿಯಲ್ಲಿದ್ದ ಪರಮೇಶ್ವರಪ್ಪನವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಐದನೆಯ ಸಲ ಶಿಗ್ಗಾಂವಿಯ ಕೋಚ್ ಜಗದೀಶ ರೇಡಿಗೆ ಹೋಗು ಎಂದಾಗ ಅಂಕಿತಾ ತಲೆಯಾಡಿಸಿದಳು. "ನಾ ಒಲ್ಲೆ ಸರ್. ಬ್ಯಾರೆದಾರನ್ನ ಕಳಸ್ರಿ." ಅದು ಮಧುಶ್ರೀಗೂ ಸ್ಪಷ್ಟವಾಗಿ ಕೇಳಿಸಿತು.

ಸವಣೂರು ಮೂರು ಪಾಯಿಂಟಿನಿಂದ ಗೆದ್ದಿತು.

ನೀರಿನ ನಲ್ಲಿಯ ಹತ್ತಿರ ಮಧುಶ್ರೀ ಬಾತ ಮೊಣಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಆಪರೇಶನ್ನಿನ ಗಾಯದ ಗೆರೆ ಬಿಳಿಚಿಕೊಂಡು ಕಾಣುತ್ತಿತ್ತು. ಅಂಕಿತಾ ಬಂದು ಅದನ್ನೇ ನೋಡುತ್ತ ನಿಂತಳು.

"ನೀ ಹತ್ತಿಮತ್ತೂರಿನಾಕಿ ಅಲ್ಲಾ?"

ಮಧುಶ್ರೀ ಇನ್ನೊಂದು ಬೊಗಸೆ ನೀರು ಸುರಿದುಕೊಂಡಳು.

"ಅವತ್ತ ಸೀಟಿ ನನಗ ಕೇಳಿಸಿತ್ತು," ಅಂಕಿತಾ ದನಿ ತಗ್ಗಿಸಿದಳು. "ತಪ್ಪಾತ ನಂದು."

"ನನಗ ಹೇಳಬ್ಯಾಡ. ಕಾಲ ಜಾರಿ ಬಿದ್ದಾಳಂತ ಬರಸಿದಾರಲ್ಲಾ ನಿಮ್ಮಜ್ಜ, ಅವರಿಗೆ ಹೇಳು. ನಮ್ಮವ್ವ ಅಲ್ಲೇ ಕುಂತಾಳ. ಆಕಿ ಮುಂದ ಹೇಳು."

ಅಂಕಿತಾ ತಿರುಗಿ ನೋಡಿದಳು. ಅಜ್ಜ ಕಾರಿನ ಬಾಗಿಲು ತೆಗೆದು ಕಾಯುತ್ತಿದ್ದರು. ಆಚೆ ಕಟ್ಟೆಯ ಮೇಲೆ ಅಡಿವೆವ್ವ ಮಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಂಕಿತಾ ಕಟ್ಟೆಯ ಕಡೆಗೂ ಹೋಗದೆ, ಅಜ್ಜನಿಗೂ ಏನೂ ಹೇಳದೆ, ತಲೆ ತಗ್ಗಿಸಿ ಕಾರು ಹತ್ತಿದಳು.

ಮಧುಶ್ರೀಗೆ ಆಶ್ಚರ್ಯವಾಗಲಿಲ್ಲ. ಕ್ಷಮಿಸುವ ಕೆಲಸ ತಪ್ಪಿತೆಂದು ಒಳಗೊಳಗೇ ಸಮಾಧಾನವೇ ಆಯಿತು.

ವಾರ ಕಳೆದ ಮೇಲೆ ಶಹಾಬುದ್ದೀನ ಸರ್ ಮೈದಾನದ ಪಕ್ಕದ ಚಹಾದಂಗಡಿಗೆ ಅವಳನ್ನು ಕರೆಸಿ ಜಿಲ್ಲಾ ತಂಡದ ಪಟ್ಟಿ ತೋರಿಸಿದರು. ಎಡಮೂಲೆಗೆ ಮಧುಶ್ರೀ. ಅವಳ ಪಕ್ಕದಲ್ಲಿ ಕೈ ಹಿಡಿದು ನಿಲ್ಲುವ ಜಾಗಕ್ಕೆ ಅಂಕಿತಾ. ಸೋಮವಾರದಿಂದ ಹಾವೇರಿಯಲ್ಲಿ ಶಿಬಿರ.

"ಕೈ ಕೈ ಹಿಡಕೊಂಡ ಆಡಬೇಕಾಗತೈತಿ," ಎಂದರು ಸರ್. "ನಿನ್ನ ಕಡೆಯಿಂದ ಆಗತೈತೇನು? ಆಗೂದಿಲ್ಲಂದ್ರ ಈಗ ಹೇಳಿಬಿಡು."

ಮಧುಶ್ರೀ ಪಟ್ಟಿಯನ್ನು ಎರಡು ಸಲ ಓದಿದಳು.

"ಆಗತೈತ್ರಿ," ಎಂದಳು. "ಹಿಡೀತೇನ್ರಿ. ಆದ್ರ ಆಕಿ ದಿನಾ ಮುಂಜಾನೆ ನನ್ನ ಮುಖ ನೋಡೇ ಕೈ ಕೊಡಬೇಕಾಗತೈತಿ."

ಸರ್ ಕಾಗದ ಮಡಚಿ ಜೇಬಿಗಿಟ್ಟರು. ಮಧುಶ್ರೀ ಚಹಾ ಕುಡಿದು ಮುಗಿಸಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಮೈದಾನಕ್ಕೆ ಇಳಿದಳು.